ಕೀಲಿಕೈ ಮೇಲೊಂದು ಚೆಂಡುಹೂವು

ಕಳೆದ ವಾರ ಖಂಡೇನವಮಿಯ ದಿನ, ಒಂದು ಚೆಂಡುಹೂವು ಯಾವಾಗ ಬೀಳುತ್ತದೆಂದು ಕಾಯುತ್ತ ನಾವು ಮೂವರು ನೆಲದ ಮೇಲೆ ಕುಳಿತಿದ್ದೆವು. ನಾನು, ನನ್ನ ಹೆಂಡತಿ ಶಾರದಾ, ಪಕ್ಕದ ಮನೆಯ ನದಾಫ ಚಾಚಾ. ಹೂವು ಬಿದ್ದರೆ ಚಾಚಾನ ಮಗಳ ಮದುವೆ ಮಾತುಕತೆ ನಡೆಯುತ್ತದೆ. ಬೀಳದಿದ್ದರೆ ಇಲ್ಲ.

ಇಷ್ಟಕ್ಕೆಲ್ಲ ಕಾರಣ ಏನು ಗೊತ್ತೇ? ನನ್ನ ಸೈಕಲ್ಲು.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆ ಇರುವುದು ಬೆಳಗಾವಿಯ ರಾಮತೀರ್ಥ ನಗರದಲ್ಲಿ. ನಾನು ಕೆಲಸ ಮಾಡುವ ಕಾರ್ಖಾನೆ ಊರಿನ ಆ ತುದಿಗೆ, ಮಚ್ಛೆಯಲ್ಲಿ. ಕಂಪನಿ ಬಸ್ಸು ಊರೊಳಗಿನ ಸರ್ಕಲ್ಲಿನವರೆಗೆ ಮಾತ್ರ ಬರುತ್ತದೆ. ಮನೆಯಿಂದ ಅಲ್ಲಿಯವರೆಗೆ ಸೈಕಲ್ಲೇ ಗತಿ. ನನ್ನ ಹಳೆಯ ಸೈಕಲ್ಲು ಈ ಮಳೆಗಾಲದಲ್ಲಿ ಅದೇ ಸರ್ಕಲ್ಲಿನಿಂದ ಮಾಯವಾಯಿತು. ಅದಕ್ಕೆ ಬೀಗ ಇರಲಿಲ್ಲ. ಬ್ರೇಕೂ ಇರಲಿಲ್ಲ. (ಕಳ್ಳ ಅದನ್ನು ಹೇಗೆ ನಿಲ್ಲಿಸಿದನೋ ಎಂಬುದೇ ನನಗೆ ಇವತ್ತಿಗೂ ಚಿಂತೆ.)

ಹೊಸದು ಕೊಳ್ಳಬೇಕಾಯಿತು. ನನ್ನ ಕಣ್ಣು ಗೇರ್ ಸೈಕಲ್ಲಿನ ಮೇಲಿತ್ತು. ನೆಟ್ಟನೆಯ ಹ್ಯಾಂಡಲ್ಲು, ದಪ್ಪ ಟೈರು, ಕೆಂಪು ಬಣ್ಣ. ಬೆಳಿಗ್ಗೆ ಡ್ಯೂಟಿಗೆ ಹೋಗಬಹುದು, ಸಂಜೆ ಕೋಟೆ ಕೆರೆಯ ಕಡೆ ಕೂದಲು ಹಾರಿಸುತ್ತ (ಉಳಿದಿರುವಷ್ಟನ್ನು) ಒಂದು ರೌಂಡು ಹೊಡೆಯಬಹುದು. ಹೊಸ ಶತಮಾನದಲ್ಲಿ ಇಷ್ಟೂ ಆಸೆ ಪಡಬಾರದೇ?

ತಪ್ಪು ಮಾಡಿದ್ದು ಎಲ್ಲಿ ಅಂದರೆ, ಅಂಗಡಿಗೆ ಅತ್ತೆಯವರನ್ನೂ ಕರೆದುಕೊಂಡು ಹೋದದ್ದು. ಶಾರದಾಳ ತಾಯಿ ಖಾನಾಪುರದವರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದಾಗ ಮರಾಠಿ. ಅವರು ಸೈಕಲ್ಲಿನ ಟೈರನ್ನು ಬದನೆಕಾಯಿ ಒತ್ತಿ ನೋಡುವಂತೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹಿಂದೆ ಹೋಗಿ ಬಗ್ಗಿ ನೋಡಿದರು.

“ಕ್ಯಾರಿಯರ್ ಎಲ್ಲೈತಿ?”

“ಗೇರ್ ಸೈಕಲ್ಲಿಗೆ ಕ್ಯಾರಿಯರ್ ಬರೂದಿಲ್ರಿ ಅಮ್ಮಾರ. ಸ್ಟೈಲ್ ಐತ್ರಿ ಇದಕ್ಕ,” ಅಂಗಡಿಯವ ಹೇಳಿದ.

“ಅಗ ಬಾಯಿ! ಸ್ಟೈಲ್ ಮ್ಯಾಲ ಗ್ಯಾಸ್ ಸಿಲಿಂಡರ್ ಹೆಂಗ ಕಟ್ಟೂದು?”

ಮರಾಠಿ ಶುರುವಾಯಿತೆಂದರೆ ಮಾತು ಮುಗಿಯಿತು ಎಂದೇ ಅರ್ಥ. ಕೊನೆಗೆ ಮನೆಗೆ ಬಂದದ್ದು ಒಂದು ಕರಿ ಸೈಕಲ್ಲು. ಆನೆಯಂಥ ಸ್ಟ್ಯಾಂಡು, ಹಾಸಿಗೆಯಷ್ಟು ಅಗಲದ ಕ್ಯಾರಿಯರು, ಉರಿಯುವುದಕ್ಕಿಂತ ಹೆಚ್ಚು ಕಿರುಚುವ ಡೈನಮೋ. ಮೊದಲ ದಿನವೇ ಸರ್ಕಲ್ಲಿನಲ್ಲಿ ಒಬ್ಬ ಹೆಣ್ಣುಮಗಳು ನನ್ನನ್ನು ತಡೆದು, “ದಿನಾ ಅರ್ಧ ಲೀಟರ್ ಹಾಕ್ರಿ, ನೀರ್ ಬೆರಸಬ್ಯಾಡ್ರಿ ಮತ್ತ,” ಎಂದಳು.

ಆದರೂ ಹೊಸ ಸೈಕಲ್ಲಲ್ಲವೇ? ಎರಡೇ ದಿನಕ್ಕೆ ಪ್ರೀತಿ ಹುಟ್ಟಿತು. ಪ್ರೀತಿಯ ಬೆನ್ನಿಗೆ ಹೆದರಿಕೆ. ಇದೂ ಹೋದರೆ? ಹಿಂದಿನ ಚಕ್ರಕ್ಕೆ ಅಂಗಡಿಯವ ಹಾಕಿಕೊಟ್ಟ ಬೀಗ ನನಗೆ ಆಟಿಕೆಯಂತೆ ಕಂಡಿತು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಇದ್ದುದರಲ್ಲೇ ದಪ್ಪ ಚೈನು, ಅದಕ್ಕೊಂದು ಬೀಗ ಕೇಳಿದೆ. ಅಂಗಡಿಯ ಯಜಮಾನರು ಚೈನು ತೂಗುತ್ತ ಕನಿಕರದಿಂದ ಕೇಳಿದರು, “ಎಮ್ಮಿ ಬಾಳ ಒದೀತೈತೇನ್ರೀ?”

ಈ ಚೈನನ್ನು ಮನೆಯಲ್ಲಿ ಯಾವುದಕ್ಕೆ ಕಟ್ಟುವುದು? ಅಲ್ಲಿ ಬಂದರು ನದಾಫ ಚಾಚಾ. ನಮ್ಮದೂ ಅವರದೂ ಒಂದೇ ಕಂಪೌಂಡು. ಗಾದಿ, ದಿಂಬು ಹೊಲಿಯುವುದು ಅವರ ಕಸುಬು. ದಿನವಿಡೀ ಹತ್ತಿಯ ನಡುವೆ ಇರುವುದರಿಂದ ಅವರ ತಲೆಯಲ್ಲಿ ಕೂದಲು ಯಾವುದು, ಅರಳೆ ಯಾವುದು ಎಂದು ಹೇಳುವುದು ಕಷ್ಟ. ಅವರ ಹತ್ತಿರ ಒಂದು ಸ್ಕೂಟರಿದೆ.

“ಎರಡೂ ಕೂಡ್ಸಿ ಕಟ್ಟೂಣ್ರಿ ಸಾಹೇಬ್ರ. ಯಾವ ಕಳ್ಳ ಎರಡೂ ಎತ್ಕೊಂಡ್ ಹೋಗ್ತಾನ?” ಎಂದರು ಚಾಚಾ.

ಎಂಥ ಐಡಿಯಾ! ಅಂದಿನಿಂದ ದಿನಾ ಸಂಜೆ ಸೈಕಲ್ಲಿನ ಚಕ್ರಕ್ಕೂ ಸ್ಕೂಟರಿನ ಚಕ್ರಕ್ಕೂ ಎಮ್ಮೆಯ ಚೈನು. ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ನಾನು ಬಿಚ್ಚುತ್ತಿದ್ದೆ. ಎಲ್ಲ ಸುರಳೀತ ನಡೆದಿತ್ತು, ಖಂಡೇನವಮಿ ಬರುವವರೆಗೆ.

ಖಂಡೇನವಮಿ ಎಂದರೆ ಆಯುಧಪೂಜೆ. ನಮ್ಮ ಕಡೆ ಅವತ್ತು ಪೂಜೆಗೆ ಇಟ್ಟದ್ದನ್ನು ಮರುದಿನ ದಸರೆಯವರೆಗೆ ಮುಟ್ಟುವಂತಿಲ್ಲ. ಶಾರದಾ ಬೆಳಿಗ್ಗೆಯೇ ಹಾಲಿನಲ್ಲಿ ಟೇಬಲ್ಲು ಹಾಕಿ, ದೇವಿಯ ಫೋಟೋ ಇಟ್ಟು, ಅದರ ಮೇಲೊಂದು ಚೆಂಡುಹೂವು ಸಿಕ್ಕಿಸಿ, ಮುಂದೆ ಮನೆಯ ಆಯುಧಗಳನ್ನು ಜೋಡಿಸಿದ್ದಳು. ಈಳಿಗೆ, ಚಾಕು, ಸೌಟು, ಸ್ಕ್ರೂಡ್ರೈವರು, ನನ್ನ ಪೆನ್ನು. (ನಮ್ಮ ಆಫೀಸಿನಲ್ಲಿ ಹಿಂದಿನ ದಿನವೇ ಕಂಪ್ಯೂಟರಿಗೂ ಕುಂಕುಮ ಹಚ್ಚಿದ್ದರು. ಆಮೇಲಿಂದ ಅದು ನಮ್ಮ ಮ್ಯಾನೇಜರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ.) ಹೊರಗೆ ಚೈನಿನಲ್ಲಿದ್ದ ಸೈಕಲ್ಲಿಗೂ ಸ್ಕೂಟರಿಗೂ ಒಟ್ಟಿಗೇ ಹೂವು, ಕುಂಕುಮ, ಚಕ್ರದಡಿ ಲಿಂಬೆಹಣ್ಣು. ಗಾಡಿಗಳಿಗೆ ಮಾತ್ರ ಪೂಜೆ ಮುಗಿದ ಮೇಲೆ ಲಿಂಬೆಹಣ್ಣು ತುಳಿದು ಹೊರಡಲು ಅಡ್ಡಿಯಿಲ್ಲ.

ಪೂಜೆ ಮುಗಿದು ನಾನು ಕಡಬು ಮುರಿಯುತ್ತಿದ್ದೆ. ಚಾಚಾ ಬಂದರು. ಬಿಳಿ ಪೈಜಾಮ, ಅತ್ತರಿನ ವಾಸನೆ, ಕೈಯಲ್ಲಿ ನಮ್ಮೂರ ಸಿಹಿ ಕುಂದಾದ ಡಬ್ಬಿ. ತಲೆಯಲ್ಲಿ ಒಂದು ಎಳೆ ಅರಳೆ ಇಲ್ಲ!

“ಸಾಹೇಬ್ರ, ಚೈನ್ ಒಂಚೂರು ಬಿಚ್ರಿ. ಖಾನಾಪುರಕ್ಕ ಹೊಂಟೀನಿ. ಶಬಾನಾನ ಮದಿವಿ ಮಾತು ಐತಿ. ಹುಡುಗನ ದೊಡ್ಡಪ್ಪ ಊಟ ಆದ್ ಕೂಡ್ಲೆ ಗೋವಾಕ್ಕ ಹೊಂಟಾರಂತ. ಅವ್ರು ಇಲ್ದ ಮಾತು ಆಗೂದಿಲ್ಲ.”

ನಾನು ಕೀಲಿಕೈ ತೂಗುಹಾಕುವ ಮೊಳೆಯ ಮೇಲೆ ಕೈಯಾಡಿಸಿದೆ. ಮೊಳೆ ಖಾಲಿ.

ಹಾಲಿನತ್ತ ನೋಡಿದೆ. ದೇವಿಯ ಎದುರು, ಈಳಿಗೆಗೂ ಸೌಟಿಗೂ ನಡುವೆ, ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಚೆಂಡುಹೂವು ಇಟ್ಟುಕೊಂಡು ನನ್ನ ಕೀಲಿಕೈ ಗೊಂಚಲು ಮಲಗಿತ್ತು.

“ಮುಟ್ಟಬ್ಯಾಡ್ರಿ!” ಶಾರದಾ ಅಡುಗೆಮನೆಯಿಂದಲೇ ಕೂಗಿದಳು. “ನಾಳಿ ತನಕ ಅಲುಗ್ಸೂ ಹಂಗಿಲ್ಲ.”

“ಕೀಲಿಕೈ ಯಾವಾಗಿಂದ ಆಯುಧ ಆತು?”

“ನಿಮ್ಮ ಕೈಯಾಗ ಬ್ಯಾರೆ ಯಾವ ಆಯುಧ ಐತಿ, ಹೇಳ್ರಿ ನೋಡೂಣು.”

ಇನ್ನೊಂದು ಕೀಲಿಕೈ? ಅದೂ ಅದೇ ಗೊಂಚಲಿನಲ್ಲಿ. ಒಂದಕ್ಕೆ ಪೂಜೆ ಮಾಡಿ ಇನ್ನೊಂದನ್ನು ಬಿಟ್ಟರೆ ಭೇದ ಮಾಡಿದಂತೆ ಆಗುವುದಿಲ್ಲವೇ ಎಂದು ಅವಳ ಪ್ರಶ್ನೆ.

“ಚಾಚಾ, ನಿಮ್ಮ ದೊಡ್ಡ ಕತ್ತರಿ ಐತೆಲ್ಲ?” ಎಂದೆ. (ಗಾದಿ ಬಟ್ಟೆಯ ಕತ್ತರಿ ಚೈನು ಕತ್ತರಿಸುತ್ತದೆಯೇ ಎಂದು ಕೇಳಬೇಡಿ. ಆ ಹೊತ್ತಿಗೆ ಹೊಳೆದದ್ದು ಅಷ್ಟೇ.)

ಚಾಚಾ ಮೆಲ್ಲಗೆ ಟೇಬಲ್ಲಿನತ್ತ ಬೆರಳು ತೋರಿಸಿದರು. ಕತ್ತರಿಯೂ ಅಲ್ಲೇ ಇತ್ತು! ಪ್ರತಿ ವರ್ಷ ತಮ್ಮ ಕತ್ತರಿ, ಸೂಜಿ ತಂದು ಶಾರದಾಳ ಪೂಜೆಗೆ ಇಡುವುದು ಅವರ ರೂಢಿ. ಇಟ್ಟ ಮೇಲೆ ಅವರಿಗೂ ಅದೇ ಕಾನೂನು.

“ಬಸ್ಸಿಗೆ ಹೋಗ್ರಿ ಚಾಚಾ.”

“ಬಸ್ಸಿಗೂ ಇವತ್ತ ಪೂಜಿ ನಡದೈತ್ರಿ. ಬಾಳಿಕಂಬ ಕಟ್ಟಿಸ್ಕೊಂಡು ಅದು ಯಾವಾಗ ಬಿಡ್ತೈತೋ. ಬೆಳಗಿನ ರೈಲೂ ಹೋತು.”

ಸರಿ, ಆಟೋ ನಗರಕ್ಕೆ ಓಡಿದೆ. ಹತ್ತಿರವೇ ಇದೆ. ಸಾಲು ಸಾಲು ಗ್ಯಾರೇಜು, ಸಾಲು ಸಾಲು ವೆಲ್ಡಿಂಗ್ ಅಂಗಡಿ. ಅಲ್ಲಿ ಕತ್ತರಿಸಲಾಗದ ಕಬ್ಬಿಣ ಇದೆಯೇ? ಹೋಗಿ ನೋಡಿದರೆ ಎಲ್ಲ ಅಂಗಡಿ ತೆರೆದಿವೆ, ಎಲ್ಲರೂ ಇದ್ದಾರೆ, ಒಬ್ಬರೂ ಕೆಲಸ ಮಾಡುತ್ತಿಲ್ಲ. ಸ್ಪ್ಯಾನರಿಗೆ ಹೂವು, ಸುತ್ತಿಗೆಗೆ ಹೂವು, ಗ್ಯಾಸ್ ಕಟರಿಗೆ ನನ್ನ ಮದುವೆಯಲ್ಲಿ ನನಗೆ ಹಾಕಿದ್ದಕ್ಕಿಂತ ದೊಡ್ಡ ಹಾರ. ಒಬ್ಬ ವೆಲ್ಡರ್ ನನ್ನ ಕಥೆಯನ್ನೆಲ್ಲ ಸಹನೆಯಿಂದ ಕೇಳಿ ಕೈತುಂಬ ಚುರುಮುರಿ ಪ್ರಸಾದ ಕೊಟ್ಟ.

“ನಾಳಿ ಬರ್ರಿ ಸರ್. ಚೈನ್ ಅಷ್ಟ ಅಲ್ಲ, ಬೇಕಂದ್ರ ಸೈಕಲ್ಲೂ ಕಡದು ಕೊಡ್ತೀನಿ.”

ಇಡೀ ಊರಿನ ಕಬ್ಬಿಣ ಒಂದೊಂದು ಹೂವಿನ ಕೆಳಗೆ ಸಿಕ್ಕಿಬಿದ್ದಿತ್ತು. ಇಂಥ ಬಂದೋಬಸ್ತು ಯಾವ ಪೊಲೀಸರಿಂದ ಸಾಧ್ಯ, ಹೇಳಿ?

ಚುರುಮುರಿ ತಿನ್ನುತ್ತ ವಾಪಸ್ ಬಂದೆ. ಚಾಚಾ ಕುಂದಾದ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕುಳಿತಿದ್ದರು. ಉಳಿದದ್ದು ಒಂದೇ ದಾರಿ, ಹೈಕೋರ್ಟು. ಖಾನಾಪುರಕ್ಕೆ ಫೋನ್ ಹಚ್ಚಿದೆ. ಅತ್ತೆಯವರು ಎಲ್ಲ ಕೇಳಿಸಿಕೊಂಡು ಮೊದಲು ಕೇಳಿದ್ದು, “ಅಲ್ರೀ ಅಳಿಯಾರ, ಚೈನ್ ಹಾಕಿ ಕಟ್ಟಾಕ ಅದೇನ್ ಎಮ್ಮಿ ಏನ್ರೀ?” ಆಮೇಲೆ ತೀರ್ಪು ಬಂತು. “ದೇವಿನ್ನ ಕೇಳ್ರಿ. ಫೋಟೋದ ಮ್ಯಾಲಿನ ಹೂವು ಬಲಕ್ಕ ಬಿದ್ರ ಕೀಲಿಕೈ ತಗೀರಿ. ಬೀಳಲಿಲ್ಲಂದ್ರ ಸುಮ್ನ ಕುಂದರ್ರಿ.”

ಹೀಗೆ ನಾವು ಮೂವರು ನೆಲದ ಮೇಲೆ ಕುಳಿತದ್ದು.

ಮೊದಲು ನಾನು ಕೇಳಿದೆ. ಹೂವು ಅಲುಗಲಿಲ್ಲ. ಶಾರದಾ ಕೇಳಿದಳು. ಇಲ್ಲ. ಗಡಿಯಾರ ಮಾತ್ರ ಮುಂದೆ ಓಡುತ್ತಿತ್ತು. ನೀರು ಕುಡಿಯುವ ನೆಪ ಮಾಡಿ ಎದ್ದು, ಯಾರಿಗೂ ಕಾಣದಂತೆ ಫ್ಯಾನಿನ ಸ್ವಿಚ್ ಒತ್ತಿದೆ. ಕರೆಂಟ್ ಇರಲಿಲ್ಲ. ನಮ್ಮ ನಸೀಬು ಎಂದುಕೊಂಡು ವಾಪಸ್ ಬಂದು ಕುಳಿತೆ.

“ನಾನೊಮ್ಮೆ ಕೇಳ್ಲೇನು ತಂಗಿ?” ಎಂದರು ಚಾಚಾ.

ಶಾರದಾ ಸರಿದು ಜಾಗ ಕೊಟ್ಟಳು. ಚಾಚಾ ಟೋಪಿ ಸರಿಮಾಡಿಕೊಂಡು ಮುಂದೆ ಬಂದು ಕುಳಿತರು. “ಅವ್ವಾ, ಪ್ರತಿ ವರ್ಷ ನನ್ನ ಕತ್ತರಿ ಕಾಯ್ತಿ. ಇವತ್ತ ಮಗಳ ಮದಿವಿ ಮಾತೈತಿ. ತಾಯಿ ಇಲ್ದ ಹುಡುಗಿ. ತಂಗಿಗೂ ಬ್ಯಾಸರಾಗಬಾರದು, ನನಗೂ ಹೊತ್ತಾಗಬಾರದು. ಏನರ ಮಾಡು.”

ಒಂದು ಸೈಕಲ್ಲಿನ ಹೆದರಿಕೆಗೆ ಈ ಮನುಷ್ಯನನ್ನು ಹೀಗೆ ಕೂರಿಸಿಬಿಟ್ಟೆನಲ್ಲ ಎಂದು ಖರೇ ಸಂಕಟವಾಯಿತು.

ಹೂವು ಬಿತ್ತು.

ಬಲಕ್ಕೆ!

ನಾನು ಏಳುವಷ್ಟರಲ್ಲಿ ಶಾರದಾ ಕೀಲಿಕೈ ಎತ್ತಿಕೊಂಡು ಹೊರಗೆ ಓಡಿದ್ದಳು. ಚೈನು ಬಿಚ್ಚಿತು. ಚಾಚಾ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಕಿಕ್ ಹೊಡೆದು, ಲಿಂಬೆಹಣ್ಣಿನ ಮೇಲೆ ಹಾಯ್ದು ಹೊರಟೇಬಿಟ್ಟರು. ಶಾರದಾ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು. ಬಂದವಳು ತಲೆ ಎತ್ತಿ ನೋಡಿದಳು. ಫ್ಯಾನು ಗರಗರ ತಿರುಗುತ್ತಿತ್ತು.

“ಸ್ವಿಚ್ ಯಾರ್ ಹಾಕಿದ್ರು?”

“ನಾನು,” ಎಂದೆ ಸಣ್ಣ ದನಿಯಲ್ಲಿ.

ಅವಳು ಬಯ್ಯಲಿಲ್ಲ. ಬಿದ್ದ ಹೂವನ್ನು ಕಣ್ಣಿಗೆ ಒತ್ತಿಕೊಂಡು ಕೇಳಿದಳು, “ಕರೆಂಟ್ ಯಾರ್ ಕೊಟ್ರು?”

ಉತ್ತರ ಹೇಳಬಹುದಿತ್ತು. ಆದರೆ ನಮ್ಮ ಓಣಿಗೆ ಬೇಕಾದ ಹೊತ್ತಿಗೆ ಸರಿಯಾಗಿ ಕರೆಂಟ್ ಬಂದದ್ದನ್ನು ನಾನು ಈವರೆಗೆ ಕಂಡಿರಲಿಲ್ಲ. ಪವಾಡವೆಂದು ಒಪ್ಪಿಕೊಂಡೆ.

ಮರುದಿನ ಸಂಜೆ ಬನ್ನಿ ಎಲೆ ಹಿಡಿದು ಚಾಚಾ ಬಂದರು. “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ.” ಮದುವೆ ಗಟ್ಟಿಯಾಗಿತ್ತು. ದೊಡ್ಡಪ್ಪನವರು ಕುಂದಾ ತಿಂದು ಹೊಗಳಿ ಗೋವಾಕ್ಕೆ ಹೋದರಂತೆ. ಆ ಖುಷಿಗೆ ಚಾಚಾ ನನ್ನ ಸೈಕಲ್ ಸೀಟಿಗೆ ಅರಳೆ ತುಂಬಿದ ಪುಟ್ಟ ಗಾದಿಯೊಂದನ್ನು ಹೊಲಿದು ತಂದಿದ್ದರು. (ಕೂತರೆ ಸ್ವರ್ಗ. ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಅದು ಬೇರೆ ಮಾತು.)

ನನಗೂ ಬುದ್ಧಿ ಬಂತು. ಚೈನನ್ನು ಅಟ್ಟಕ್ಕೆ ಹಾಕಿದೆ. ಇಡೀ ಬೆಳಗಾವಿ ಮುಟ್ಟಲು ಹೆದರುವ ಬೀಗ ಯಾವುದೆಂದು ಕಣ್ಣಾರೆ ನೋಡಿದ ಮೇಲೆ ಕಬ್ಬಿಣ ಯಾಕೆ? ಮೊನ್ನೆ ತರಕಾರಿ ಮಾರ್ಕೆಟ್ಟಿಗೆ ಹೋದಾಗ ಸೈಕಲ್ಲಿನ ಹ್ಯಾಂಡಲ್ಲಿಗೆ ದೊಡ್ಡ ಕುಂಕುಮದ ಬೊಟ್ಟಿಟ್ಟು, ಗಂಟೆಯ ಮೇಲೆ ಚೆಂಡುಹೂವು ಸಿಕ್ಕಿಸಿ, ಬೀಗ ಹಾಕದೆ ಬಿಟ್ಟು ಒಳಗೆ ಹೋದೆ. ಕೊತ್ತಂಬರಿಗೆ ಚೌಕಾಶಿ ಮಾಡುವಾಗಲೂ ಎದೆ ಡವಡವ ಅನ್ನುತ್ತಿತ್ತು. ತಿರುಗಿ ಬಂದು ನೋಡಿದರೆ, ಸೈಕಲ್ಲು ಇಟ್ಟಲ್ಲೇ ಇತ್ತು! ಗಾದಿಯೂ ಇತ್ತು!

ಹೂವು ಮಾತ್ರ ಇರಲಿಲ್ಲ. ಪಕ್ಕದಲ್ಲೊಂದು ಆಡು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು.

ಈಗ ಹೇಳಿ, ಚೆಂಡುಹೂವಿಗೆ ಹಾಕುವ ಬೀಗ ನಮ್ಮೂರಲ್ಲಿ ಎಲ್ಲಿ ಸಿಗುತ್ತದೆ?