ತವರಿನ ಹೆಸರು

ಮೊನ್ನೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮರುಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಬನ್ನಿಮಂಟಪದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ಬಂದು ಎದುರಿಗೆ ನಿಂತಂತಾಯಿತು. ಮುಡಿಯಲ್ಲಿ ಮರುಗವಿಲ್ಲದೆ ಅವರು ಗೇಟು ದಾಟಿದವರಲ್ಲ.

ದೊಡ್ಡಮ್ಮನ ಬಾಯಿಗೆ ಬೀದಿಯೇ ಹೆದರುತ್ತಿತ್ತು. ತರಕಾರಿಯವನಿಂದ ಹಿಡಿದು ಸ್ವಂತ ಸೊಸೆಯವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ನನ್ನ ರಂಗೋಲಿ ನೋಡಿ, "ಇದೇನೇ, ಕೋಳಿ ಕೆದರ್ಬುಟ್ಟಂಗಿದೆ!" ಎಂದು ನಗುತ್ತಿದ್ದರು. ಅಪ್ಪಟ ಮೈಸೂರಿನವರೆಂದೇ ನಾನು ತಿಳಿದಿದ್ದೆ. ಅವರ ತವರು ಆಂಧ್ರದ ಒಂದು ಹಳ್ಳಿ, ಹುಟ್ಟಿದ ಮನೆಯ ಮಾತು ತೆಲುಗು ಎಂದು ಸೊಸೆ ಹೇಳಿದಾಗ ನಂಬಲಾಗಲಿಲ್ಲ. ಹೆಸರೂ ತವರಿನದಲ್ಲವಂತೆ. ಜಾತಕವಿಲ್ಲದ್ದಕ್ಕೆ ಹೆಸರುಬಲ ನೋಡಿದರಂತೆ. ಕೂಡಿ ಬರಲಿಲ್ಲವೆಂದು ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸಿದರು. ಹುಡುಗನದನ್ನು ಬದಲಿಸುವ ಯೋಚನೆ ಯಾರಿಗೂ ಬಂದಿರಲಾರದು, ಬಿಡಿ. ಹಳೆಯ ಹೆಸರನ್ನು ಆಮೇಲೆ ಯಾರೂ ಕೇಳಲಿಲ್ಲ.

ಕೊನೆಗಾಲದಲ್ಲಿ ಅವರಿಗೆ ಮರೆವು ಬಂತು. ಮೊದಲು ಕನ್ನಡ ಹೋಯಿತು, ಆಮೇಲೆ ಮದುವೆಯಲ್ಲಿಟ್ಟ ಆ ಹೆಸರು... ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ನೀರು ಕುಡಿಯಲೂ ಸಣ್ಣ ದನಿಯಲ್ಲಿ, ತೆಲುಗಿನಲ್ಲಿ ಅಪ್ಪಣೆ ಕೇಳುತ್ತಿದ್ದರು.

"ಇವ್ರು ನಮ್ಮತ್ತೆ ಅಲ್ಲ ಕಣ್ರೀ, ಯಾರೋ ಹುಡುಗಿ. ಅತ್ತೆ ಆಗಿದ್ರೆ ಇಷ್ಟೊತ್ಗೆ ನಂಗೆ ಚೆನ್ನಾಗಿ ಬೈದಿರೋರು," ಎಂದು ಸೊಸೆ ಕಣ್ಣೊರೆಸಿಕೊಂಡರು. ದಿನವೂ ಬೈಸಿಕೊಂಡವರೇ ಟೀವಿ ನೋಡಿ ನೋಡಿ ತೆಲುಗು ಕಲಿತರು. ಒಮ್ಮೆಯಾದರೂ ನಿಜವಾದ ಹೆಸರು ಹಿಡಿದು ಕರೆಯಬೇಕು, ಅತ್ತೆ ತಿರುಗಿ ನೋಡಬೇಕು, ಅಷ್ಟೇ ಅವರ ಆಸೆ. ವಿಚಾರಿಸೋಣವೆಂದರೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ನಾನು ಅಲ್ಲೇ ಕುಳಿತಿದ್ದೆ. ಸೊಸೆ ಅತ್ತೆಯ ತಲೆ ಬಾಚುತ್ತಾ, ನಿನ್ನ ಹೆಸರೇನಮ್ಮ ಎಂದು ತೆಲುಗಿನಲ್ಲೇ ಕೇಳಿದರು. ದೊಡ್ಡಮ್ಮ ನಾಚಿಕೊಂಡು ಏನೋ ಹೇಳಿದರು. ಬಾಚುತ್ತಿದ್ದ ಕೈ ನಿಂತುಬಿಟ್ಟಿತು.

"ಏನಂದ್ರು?" ಅಂದೆ.

"'ನಿಂಗೆ ಗೊತ್ತಿಲ್ವಾ ಅಕ್ಕಾ?' ಅಂತಿದಾರೆ ಕಣ್ರೀ."

ಎಷ್ಟು ಸಲ ಕೇಳಿದರೂ ಅದೇ ನಾಚಿಕೆ, ಅದೇ ಉತ್ತರ. ಒಡಹುಟ್ಟಿದ ಅಕ್ಕನಿಗೆ ಹೆಸರು ಯಾಕೆ ಹೇಳಬೇಕು... ಹೇಳದೆಯೇ ಹೋದರು.

ಉತ್ತರಕ್ರಿಯೆಯ ದಿನ ಪುರೋಹಿತರು ಹೆಸರು ಕೇಳಿದಾಗ ಮಗ ಮದುವೆಯಲ್ಲಿಟ್ಟ ಹೆಸರನ್ನೇ ಹೇಳಿದರು. ಇನ್ನೇನು ಹೇಳಿಯಾರು? ಸೊಸೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಆ ಹೆಸ್ರಿಗೆ ಅವ್ರು ತಿರುಗ್ತಾನೇ ಇರ್ಲಿಲ್ಲ. ಪಿಂಡ ಯಾರ್ಗೆ ಹೋಯ್ತೋ..."

ಈಗಲೂ ನನಗೆ ಬೇಕೆನಿಸುವುದು ಆ ಬಾಯಿಬಡುಕಿ ದೊಡ್ಡಮ್ಮನೇ. ಅವರನ್ನು ನೆನೆದರೆ ಕಣ್ಣೀರು ತಾನಾಗಿ ಬರುತ್ತದೆ. ಆದರೆ ಅವರೊಳಗೆ ಅಷ್ಟು ವರ್ಷ ಸದ್ದಿಲ್ಲದೆ ಕುಳಿತಿದ್ದ ಆ ಹುಡುಗಿ? ಅವಳಿಗಾಗಿ ಅಳೋಣವೆಂದರೆ, ಏನೆಂದು ಕರೆದು ಅಳಲಿ?