ದೀರ್ಘಕ್ಕೆ ಎರಡು ಹುರಿಗಡಲೆ

ಮಲಗಿಕೊಂಡು ಪಾಠ ಹೇಳುವುದರಲ್ಲಿ ಎಷ್ಟು ಸುಖವಿದೆಯೋ ಅಷ್ಟೇ ಅಪಾಯವೂ ಇದೆ. ಸುಖವನ್ನೆಲ್ಲ ನಾನು ಅನುಭವಿಸಿದೆ. ಅಪಾಯ ಮಾತ್ರ ನನ್ನ ಅಣ್ಣನ ಮಗಳು ಗೌರಿಯ ಪಾಲಿಗೆ ಬಂತು. ಐವತ್ತರ ದಶಕದ ಮಾತು. ಈ ವಯಸ್ಸಿನಲ್ಲಿ ಇನ್ನೇನು ಮುಚ್ಚಿಡುವುದು, ಹೇಳಿಬಿಡುತ್ತೇನೆ.

ಆಗ ನಾನು ಚಾಮರಾಜನಗರದಲ್ಲಿ ಹೈಸ್ಕೂಲು ಮುಗಿಸಿ ನಮ್ಮೂರು ಉಡಿಗಾಲಕ್ಕೆ ವಾಪಸು ಬಂದಿದ್ದೆ. ಕೆಲಸ ಸಿಕ್ಕಿರಲಿಲ್ಲ, ಗತ್ತು ಮಾತ್ರ ಬಂದಿತ್ತು. ಹೊಲಕ್ಕೆ ಕರೆದರೆ ಪಂಚೆ ಕೊಳೆಯಾಗುತ್ತದೆ ಎನ್ನುತ್ತಿದ್ದೆ. ಗೌರಿಗೆ ಏಳು ತುಂಬಿತ್ತು. ಅವಳನ್ನು ಶಾಲೆಗೆ ಹಾಕಬೇಕೆಂದು ಅತ್ತಿಗೆಯ ಆಸೆ, ಎಮ್ಮೆ ಕಾಯಲು ಕಳಿಸಬೇಕೆಂದು ನಮ್ಮಪ್ಪನ ಹಟ. ಕೊನೆಗೆ ಅಪ್ಪನೇ ತೀರ್ಮಾನ ಹೇಳಿದ: "ಉಗಾದಿ ಕಳೀಲಿ. ಮೇಷ್ಟ್ರ ಮುಂದೆ ಓದಿ ತೋರ್ಸುದ್ರೆ ಇಸ್ಕೂಲು. ಇಲ್ದಿದ್ರೆ ಎಮ್ಮೆ. ಆಮೇಲೆ ನನ್ನ ಕೇಳ್ಬ್ಯಾಡಿ."

ಕಲಿಸುವ ಹೊಣೆ ನನ್ನ ಮೇಲೆ ಬಿತ್ತು. ಮನೆಯಲ್ಲಿ ಬೇರೆ ಯಾರಿಗೂ ಅಕ್ಷರ ಬರುತ್ತಿರಲಿಲ್ಲ. ಬಿಡುವೂ ಇರಲಿಲ್ಲ.

ಅಕ್ಷರದ ಹೆಸರು ಆಮೇಲೆ, ಮೊದಲು ಅದರ ಸದ್ದು ಕಲಿಸಬೇಕು ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ನಾನು ಅದನ್ನೇ ಹಿಡಿದೆ. ತಲಕಟ್ಟು, ಇಳಿ, ಗುಡಿಸು, ಕೊಂಬು ಎಂಬ ಬಾಯಿಪಾಠವನ್ನೆಲ್ಲ ಬಿಟ್ಟು ಬರೀ ಸದ್ದನ್ನು ಅವಳ ಕಿವಿಗೆ ಹಾಕಿದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ವ್ಯಾಕರಣದವರು ಅಳೆದಿಟ್ಟಿದ್ದಾರಷ್ಟೆ. ಕೋಳಿಯ ಕೂಗಿನಲ್ಲಿ ಹ್ರಸ್ವ, ದೀರ್ಘ, ಪ್ಲುತ ಮೂರೂ ಸಿಗುತ್ತವಂತೆ. ನಮ್ಮದು ಲಿಂಗವಂತರ ಮನೆ, ಕೋಳಿ ಸಾಕುವ ಹಾಗಿರಲಿಲ್ಲ. ಪಕ್ಕದ ಬೀದಿಯ ಕೋಳಿಯನ್ನು ನಂಬಿಕೊಂಡು ಪಾಠ ನಡೆಸುವುದು ಹೇಗೆ? ಅಣ್ಣ ಗುಂಡ್ಲುಪೇಟೆಗೆ ಈರುಳ್ಳಿ ಹೇರಿಕೊಂಡು ಹೋದಾಗಲೆಲ್ಲ ಹುರಿಗಡಲೆ ತರುತ್ತಿದ್ದ. ನಾನು ಅದಕ್ಕೇ ಕೈ ಹಾಕಿದೆ.

ಗೌರಿಗಿದ್ದ ತೊಂದರೆ ಒಂದೇ. ದೀರ್ಘಗಳನ್ನು ನುಂಗಿಬಿಡುತ್ತಿದ್ದಳು. ಕಾಗೆ ಅವಳ ಬಾಯಲ್ಲಿ ಕಗೆಯಾಗುತ್ತಿತ್ತು. "ಹ್ರಸ್ವಕ್ಕೆ ಒಂದು ಕಡಲೆ, ದೀರ್ಘಕ್ಕೆ ಎರಡು" ಎಂದು ಕಾನೂನು ಮಾಡಿದೆ. ಎರಡು ದಿನದಲ್ಲಿ ದನಿ ಬಿಚ್ಚಿಕೊಂಡಿತು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಪುಸ್ತಕವನ್ನು ಅವಳ ಕೈಗೆ ಕೊಟ್ಟು ಜಗಲಿಯ ಮೇಲೆ ಕಣ್ಣು ಮುಚ್ಚಿ ಮಲಗಿದೆ. ಅವಳು ಓದುವಳು, ನಾನು ಕಿವಿಯಿಂದಲೇ ಅಳೆದು ಕಡಲೆ ಕೊಡುವೆ. ನಡುನಡುವೆ ಗುರುದಕ್ಷಿಣೆಯೆಂದು ನನ್ನ ಬಾಯಿಗೂ ಒಂದು ಹಿಡಿ ಹಾಕಿಕೊಳ್ಳುವೆ. ಬರಬರುತ್ತ ಮನೆಯ ತುಂಬ ದೀರ್ಘಗಳೇ ಮೊಳಗತೊಡಗಿದವು. ಆಹಾ, ಎಂಥ ಪ್ರಗತಿ ಎಂದುಕೊಂಡೆ.

ಯುಗಾದಿ ಕಳೆಯಿತು. ಅಪ್ಪ, ನಾನು, ಗೌರಿ ಮೂವರೂ ಶಾಲೆಗೆ ಹೋದೆವು. ಮೇಷ್ಟ್ರು ಪುಸ್ತಕ ತೆರೆದು 'ಮರ' ಎಂಬಲ್ಲಿ ಬೆರಳಿಟ್ಟರು.

"ಮಾರಾ," ಎಂದಳು ಗೌರಿ.

'ಕರು' ಎಂಬಲ್ಲಿಟ್ಟರು. "ಕಾರೂ!"

ಮೇಷ್ಟ್ರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಆಗ ನಾನು ಆಡಿದ ಮಾತೇ ಈ ಬರಹಕ್ಕೆ ಕಾರಣ. "ಇವ್ಳು ದಡ್ಡಿ ಮೇಷ್ಟ್ರೇ. ಎಷ್ಟು ಹೇಳ್ಕೊಟ್ರೂ ತಲೆಗೆ ಹತ್ತಲ್ಲ," ಅಂದೆ. ಮಗುವಿನ ಎದುರಿಗೇ ಅಂದೆ.

ಅಪ್ಪ ಎದ್ದು ಅವಳ ರಟ್ಟೆ ಹಿಡಿದ. "ನಡಿ ಕಣಮ್ಮಿ. ಎಮ್ಮೆ ಕಾಯ್ತಾ ಅದೆ."

ಗೌರಿ ಅಲ್ಲಾಡಲಿಲ್ಲ. ನನ್ನ ಮುಂದೆ ಅಂಗೈ ಚಾಚಿದಳು. "ಚಿಕ್ಕಪ್ಪ, ನನ್ ಕಡ್ಲೆ ಕೊಡು. ಎಲ್ಲಾನೂ ಎಳ್ದಿವ್ನಿ."

"ಯಾವ ಕಡ್ಲೆಯವ್ವ?" ಎಂದರು ಮೇಷ್ಟ್ರು. ಅವಳು ಒಂದನ್ನೂ ಬಿಡದೆ ಒಪ್ಪಿಸಿದಳು. ಒಂದಕ್ಕೆ ಒಂದು, ಎಳೆದರೆ ಎರಡು, ಚಿಕ್ಕಪ್ಪ ಮಲಗಿರುವುದು, ನಡುವೆ ಗೊರಕೆ ಹೊಡೆಯುವುದು, ಎಲ್ಲ.

"ಕಡ್ಲೆ ಕೊಡ್ನಿಲ್ಲ ಅಂದ್ರೆ ಎಂಗೆ ಓದ್ತೀಯೆ?" ಎಂದರು ಮೇಷ್ಟ್ರು.

"ಪುಸ್ತಕದಲ್ಲಿ ಎಂಗದೋ ಅಂಗೆ."

ಓದಿಯೂ ಬಿಟ್ಟಳು. ಮರ ಮರವಾಗಿಯೇ ನಿಂತಿತು, ಕಾಗೆಯೂ ತನ್ನ ಪೂರ್ತಿ ಉದ್ದಕ್ಕೆ ಬಂತು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಪಟ್ಟಿಯಲ್ಲಿ ಅವಳ ಹೆಸರು ಬರೆದರು. ಅಪ್ಪನೂ ನಕ್ಕ. "ಅವ್ಳು ಇಸ್ಕೂಲ್ಗೆ ಓಗ್ಲಿ. ಎಮ್ಮೆ ಹೊಡ್ಕೊಂಡು ನೀ ಓಗ್ಲಾ," ಅಂದ. ಆ ಬೇಸಿಗೆಯಿಡೀ ನಾನೇ ಎಮ್ಮೆ ಕಾದೆ. ಹೈಸ್ಕೂಲು ಮುಗಿಸಿದವನೆಂದು ಅದೇನೂ ಮರ್ಯಾದೆ ಕೊಡಲಿಲ್ಲ.

ಎಲ್ಲರೂ ನಕ್ಕಿದ್ದರಲ್ಲ, ಆ ನಗುವಿನ ಮರೆಯಲ್ಲಿ ನಾನೂ ಜಾರಿಕೊಂಡೆ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ಮಗು ಕೇಳಿಸಿಕೊಂಡಿರಲಿಕ್ಕಿಲ್ಲ, ಮರೆತಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಮಾಡಿದವರಿಗೆ ಇಂಥ ಸಮಾಧಾನ ಯಾವಾಗಲೂ ಬೇಗ ಸಿಗುತ್ತದೆ.

ಗೌರಿ ಈಗ ಗುಂಡ್ಲುಪೇಟೆಯಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡವಳು. ಹೋದ ತಿಂಗಳು ಅವಳ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಮುದ್ದೆ ಮುರಿಯುತ್ತಾ ತಲೆ ಎತ್ತದೆ ಹೇಳಿದೆ: "ಅವತ್ತು ಮೇಷ್ಟ್ರ ಮುಂದೆ ನಿನ್ನ ದಡ್ಡಿ ಅಂದ್ಬುಟ್ಟೆ ಕಣವ್ವ. ತಪ್ಪಾಯ್ತು."

ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು. "ನೆನಪದೆ," ಅಂದಳು. ಆಮೇಲೆ, "ಇಷ್ಟು ಹೇಳಾಕೆ ನಿಂಗೆ ಇಷ್ಟು ವರ್ಸ ಬೇಕಾಯ್ತಾ ಚಿಕ್ಕಪ್ಪ? ನನ್ನ ಬೇರೆ ದಡ್ಡಿ ಅಂದಿದ್ದೆ!" ಎಂದು ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಹೊಟ್ಟೆ ತುಂಬಿತ್ತು. ಬೇಡ ಎನ್ನುವ ಧೈರ್ಯ ಬರಲಿಲ್ಲ. ಪೂರ್ತಿ ಉಂಡೆ.