ರವದಿಯ ಕೆಳಗೆ ಬಚ್ಚಿಟ್ಟ ಪತ್ರ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರಗಳಿಗೆ ಚರ್ಚಿನಲ್ಲಿ ಆಗಮನ ಕಾಲ ಎನ್ನುತ್ತಿದ್ದರು. ನಮ್ಮ ಅವ್ವ ಮಾತ್ರ ಅದನ್ನು ‘ಹಾದಿ ಕಾಯೂ ದಿನಾ’ ಎಂದೇ ಕರೆಯುತ್ತಿದ್ದಳು. ನನಗೆ ಒಂಬತ್ತು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಬಂದಿತ್ತು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಬಬಲೇಶ್ವರದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಪ್ಪ ಫೌಜಿನ ಆಸ್ಪತ್ರೆಗೆ ಸೇರಿ ಪೂರ್ವದ ಕಡೆ ಹೋಗಿದ್ದ. ದಸರೆಯ ನಂತರ ಅವನ ಪತ್ರ ಬರುವುದು ನಿಂತಿತ್ತು.

ನಾವಿದ್ದದ್ದು ವಿಜಾಪುರದಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಎರಡು ಖೋಲಿಯ ಮನೆಯಲ್ಲಿ. ಅವ್ವ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದಳು. ಮನೆಯಲ್ಲಿ ನಾನು, ನಾಲ್ಕು ವರ್ಷದ ತಂಗಿ, ಅವ್ವ ಮೂವರೇ. ಮೇಣಬತ್ತಿ ಸಿಗುತ್ತಿರಲಿಲ್ಲ, ಸೀಮೆಎಣ್ಣೆಗೆ ರೇಷನ್. ಅವ್ವ ನಾಲ್ಕು ಹಣತೆಗಳನ್ನು ಹಿತ್ತಾಳೆಯ ತಾಟಿನಲ್ಲಿಟ್ಟು ಕುಸುಬಿ ಎಣ್ಣೆ ಹಾಕಿ ರವಿವಾರಕ್ಕೊಂದರಂತೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಒಂದು ಖಾಲಿ ಬುಟ್ಟಿ. ನಾವು ಒಂದು ಒಳ್ಳೆಯ ಕೆಲಸ ಮಾಡಿದರೆ ಅದರಲ್ಲಿ ಒಂದು ರವದಿ, ಅಂದರೆ ಜೋಳದ ಒಣಗಿದ ಗರಿ, ಹಾಕಬೇಕು. ಕ್ರಿಸ್ಮಸ್ ದಿನ ಅರಿವೆಯಲ್ಲಿ ಹೊಲಿದ ಬಾಲಯೇಸುವಿನ ಕೂಸನ್ನು ಅದರ ಮೇಲೆ ಮಲಗಿಸುವುದು. “ಹಾಸಿಗಿ ಮೆತ್ತಗ ಆಗೂದು ನಿಮ್ಮ ಕೈಯಾಗ ಐತಿ,” ಎನ್ನುತ್ತಿದ್ದಳು ಅವ್ವ.

ಆ ರವದಿ, ಎಣ್ಣೆ ಎರಡೂ ತಿಕೋಟದಿಂದ ಆಯಿ ಕಳಿಸುತ್ತಿದ್ದಳು. ಆಯಿ ಅಪ್ಪನ ತಾಯಿ. ಅವ್ವನನ್ನು ಮದುವೆಯಾಗಲು ಅಪ್ಪ ಕ್ರಿಸ್ತನ ದಾರಿ ಹಿಡಿದ ಮೇಲೆ ಆಯಿ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ಸಂತೆಗೆ ಬರುವ ಬಂಡಿಯಲ್ಲಿ ಸಾಮಾನು ಮಾತ್ರ ಬರುತ್ತಿತ್ತು.

ಆ ವರ್ಷ ಮೊದಲ ಹಣತೆ ಹಚ್ಚಿ ಮೂರು ದಿನವಾಗಿತ್ತು. ಸಾಲೆಯಿಂದ ಬಂದು ಬಾಗಿಲ ಬಳಿ ನಿಂತಿದ್ದೆ. ಟಪಾಲಿನವನು ಕಂದು ಬಣ್ಣದ ಲಕೋಟೆ ನನ್ನ ಕೈಗಿತ್ತು, “ನಿಮ್ಮವ್ವಗ ಕೊಡವಾ,” ಎಂದು ಹೋದ. ಮೇಲೆ ಇಂಗ್ಲಿಷ್ ಅಕ್ಷರಗಳು, ಸರಕಾರಿ ಮುದ್ರೆ. ಮಳೆಗಾಲದಲ್ಲಿ ಇಂಥದ್ದೇ ಲಕೋಟೆ ನಾವು ಖಾಲಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಮುಸಲ್ಮಾನ ಹೆಂಗಸಿಗೆ ಬಂದಿತ್ತು. ಅದನ್ನು ಓದಿಸಿಕೊಂಡ ಖಾಲಾ ಬಾಗಿಲಲ್ಲೇ ಕುಸಿದು, ಫೌಜಿಗೆ ಹೋಗಿದ್ದ ಮಗನ ಹೆಸರು ಹಿಡಿದು ಅತ್ತದ್ದನ್ನು ನಾನು ಕಂಡಿದ್ದೆ.

ಇದನ್ನು ಯಾರೂ ಒಡೆಯದಿದ್ದರೆ ಅಪ್ಪ ಬದುಕಿರುತ್ತಾನೆ ಎಂದು ನನಗೆ ಅನ್ನಿಸಿತು. ಬುಟ್ಟಿಯ ತಳದಲ್ಲಿ ಲಕೋಟೆಯಿಟ್ಟು ಅದರ ಮೇಲೆ ಇದ್ದ ಐದಾರು ರವದಿ ಹರವಿದೆ. ಲಕೋಟೆ ಇನ್ನೂ ಕಾಣುತ್ತಿತ್ತು.

ಆಮೇಲೆ ನನಗೆ ಒಳ್ಳೆಯ ಕೆಲಸ ಮಾಡುವ ಹುಚ್ಚು ಹಿಡಿಯಿತು. ನೀರು ಸೇದಿದೆ, ಅಕ್ಕಿ ಆರಿಸಿದೆ, ಖಾಲಾನ ಅಂಗಳ ಗುಡಿಸಿದೆ, ತಂಗಿಯ ತಲೆ ಬಾಚಿದೆ. ಪ್ರತಿಸಲ ಓಡಿಬಂದು ಒಂದು ರವದಿ ಹಾಕುತ್ತಿದ್ದೆ. ಬುಟ್ಟಿ ತುಂಬುತ್ತಾ ಬಂತು. ಅವ್ವ ನನ್ನ ಗಲ್ಲ ಹಿಡಿದು, “ನನ್ನ ಮಗಳು ಎಷ್ಟ್ ಶಾಣ್ಯಾ ಆಗ್ಯಾಳ! ನಿಮ್ಮಪ್ಪ ಬಂದ್ರ ಹೇಳತೇನಿ,” ಎಂದಳು. ಆ ದಿನ ನನಗೆ ಊಟ ಸೇರಲಿಲ್ಲ.

ಮೂರನೆಯ ರವಿವಾರ. ಮೂರು ಹಣತೆ ಹಚ್ಚಿ ಅವ್ವ ವಾಡಿಕೆಯಂತೆ ಕೇಳಿದಳು, “ನಾವು ಯಾರ ಹಾದಿ ಕಾಯಾಕತ್ತೇವಿ?”

ಯೇಸುವಿನ ಹೆಸರು ಹೇಳಬೇಕಿದ್ದ ತಂಗಿ, “ಅಪ್ಪಂದು,” ಎಂದಳು.

ಅಷ್ಟು ದಿನ ಒಮ್ಮೆಯೂ ಅಳದಿದ್ದ ಅವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಬೆನ್ನು ನಡುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಬುಟ್ಟಿಗೆ ಕೈ ಹಾಕಿ ಲಕೋಟೆ ತೆಗೆದು ಅವಳ ಮುಂದೆ ಹಿಡಿದೆ.

ಅವ್ವ ಒಡೆದು ಓದಿದಳು. ಅಪ್ಪ ಸತ್ತಿರಲಿಲ್ಲ. ಪುಣೆಯ ಫೌಜಿನ ಆಸ್ಪತ್ರೆಯಲ್ಲಿದ್ದ, ಕಾಲಿನ ಗಾಯ ಕೊಳೆತು ಜ್ವರ ಏರಿತ್ತು. ಮನೆಯವರು ಕೂಡಲೇ ಬರಬೇಕೆಂದು ಬರೆದಿದ್ದರು.

“ಯಾವತ್ತ ಬಂತಿದು?”

“ಹನ್ನೊಂದ್ ದಿನಾ ಆತು.”

ಅವ್ವ ನನ್ನ ಕೆನ್ನೆಗೆ ಒಂದು ಬಾರಿಸಿದಳು. ಮರುಕ್ಷಣ ನನ್ನನ್ನು ಎಳೆದು ಎದೆಗೆ ಒತ್ತಿಕೊಂಡಳು. “ಅಂಜಿಕಿ ಬಂದ್ರ ನನಗ ಹೇಳಬೇಕೋ ಬ್ಯಾಡೋ? ಇಬ್ಬರೂ ಕೂಡಿ ಅಂಜತಿದ್ವಿ,” ಎಂದಳು.

ಮರುದಿನ ನಸುಕಿಗೆ ಖಾಲಾನ ಗಂಡ ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರು ಬಸ್ಸು ಹತ್ತಿ ತಿಕೋಟಕ್ಕೆ ಹೋಗಿ, ಮಧ್ಯಾಹ್ನದೊಳಗೆ ಆಯಿಯನ್ನು ಕರೆತಂದ. ಆಯಿ ಹೊಸ್ತಿಲ ಬಳಿ ಒಂದು ಕ್ಷಣವೂ ನಿಲ್ಲಲಿಲ್ಲ. ನೇರ ಒಳಗೆ ಬಂದು ರೊಟ್ಟಿಯ ಗಂಟನ್ನು ಅವ್ವನ ಕೈಗಿಟ್ಟು, “ಹೋಗವಾ, ಹುಡುಗೂರನ್ನ ನಾ ನೋಡ್ಕೋತೀನಿ,” ಎಂದಳು. ಹೊಟಗಿಯಲ್ಲಿ ಗಾಡಿ ಬದಲಿಸಿ ಪುಣೆಗೆ ಹೋಗಲು ಅವ್ವ ಒಬ್ಬಳೇ ಹೊರಟಳು.

ನಾಲ್ಕನೆಯ ರವಿವಾರ ಮನೆಯಲ್ಲಿದ್ದದ್ದು ಆಯಿ, ನಾವಿಬ್ಬರು. ಸುದ್ದಿ ಇನ್ನೂ ಬಂದಿರಲಿಲ್ಲ. ಆಯಿ ತಾನಾಗಿಯೇ ತಾಟು ತೊಳೆದು ಹೊಸ ಬತ್ತಿ ಹೊಸೆದಳು.

“ನಿಮ್ಮ ದ್ಯಾವ್ರಿಗೆ ಅರಿಷಿಣ ಕುಂಕುಮ ನಡೀತೈತೇನು?” ಎಂದು ನನ್ನನ್ನು ಕೇಳಿದಳು.

ನನಗೂ ಗೊತ್ತಿರಲಿಲ್ಲ. “ನಡೀತೈತಿ,” ಎಂದೆ. ನಾಲ್ಕೂ ಹಣತೆಗೆ ಕುಂಕುಮ ಹಚ್ಚಿ ದೀಪ ಬೆಳಗಿಸಿ, ಕೈ ಮುಗಿದು, “ಯಪ್ಪಾ, ಯಾರರ ಇರು, ನನ್ನ ಮಗನ್ನ ಮನಿ ಮುಟ್ಟಸು,” ಎಂದಳು. ಪ್ರಾರ್ಥನೆ ಅಷ್ಟೇ. ಆ ಕ್ರಿಸ್ಮಸ್‌ಗೆ ಕೂಸನ್ನು ಬುಟ್ಟಿಯಲ್ಲಿ ಮಲಗಿಸಿದವಳೂ ಅವಳೇ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಅವ್ವನ ಜೊತೆ ಬಂದ. ಬಲಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವ್ವ ಪುಣೆ ಮುಟ್ಟುವ ಎರಡು ದಿನ ಮೊದಲೇ ಕತ್ತರಿಸಿದ್ದರು, ಆಗ ಅವನ ಬಳಿ ತನ್ನವರೆನ್ನುವವರು ಯಾರೂ ಇರಲಿಲ್ಲ. ಬಂದ ಮೂರನೆಯ ದಿನ ಅವನು ಅವ್ವನನ್ನು ಕೇಳಿದ್ದು ಬಾಗಿಲ ಹಿಂದಿದ್ದ ನನಗೆ ಕೇಳಿಸಿತು.

“ಪತ್ರಾ ಮುಟ್ಟಲಿಲ್ಲೇನ? ನೀವೆಲ್ಲಾ ನನ್ನ ಕೈ ಬಿಟ್ರಿ ಅಂತ ತಿಳ್ಕೊಂಡಿದ್ದೆ.”

“ಯುದ್ಧದ ಕಾಲಾ. ಟಪಾಲು ತಡಾ ಆತು,” ಎಂದಳು ಅವ್ವ.

ಅವ್ವ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಂದು ವರ್ಷ ಆ ಸುಳ್ಳನ್ನು ಹೊತ್ತುಕೊಂಡೇ ಅಪ್ಪನಿಗೆ ನೀರು ಕೊಟ್ಟೆ, ಊರುಗೋಲು ಎತ್ತಿಕೊಟ್ಟೆ, ಅವನ ಕಣ್ಣು ತಪ್ಪಿಸಿ ಓಡಾಡಿದೆ.

ಮುಂದಿನ ವರ್ಷ ಅವ್ವ ಒಂದು ಹೊಸ ಪದ್ಧತಿ ಹಾಕಿದಳು. ಹಣತೆ ಹಚ್ಚುವ ಮೊದಲು ಮನೆಯವರೆಲ್ಲ ತಮಗೆ ಯಾವುದರ ಅಂಜಿಕೆ ಎಂದು ಒಂದೊಂದು ಮಾತು ಹೇಳಬೇಕು. ತಂಗಿ ಓಣಿಯ ಕರಿನಾಯಿ ಎಂದಳು. ನನ್ನ ಸರದಿ ಬಂತು. ಅವ್ವ ನನ್ನ ಕಡೆ ನೋಡಲಿಲ್ಲ, ತಾಟನ್ನೇ ನೋಡುತ್ತಿದ್ದಳು.

“ಅಪ್ಪಾ, ಟಪಾಲು ತಡಾ ಆಗಿದ್ದಿಲ್ಲ. ನಾ ಬಚ್ಚಿಟ್ಟಿದ್ನಿ,” ಎಂದೆ.

ಅಪ್ಪ ಊರುಗೋಲು ಹಿಡಿದು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಐದನೆಯ ದಿನ ಸಂಜೆ ನನ್ನನ್ನು ಕರೆದ. “ಎಣ್ಣಿ ತಗೊಂಡ ಬಾ. ನಿಮ್ಮವ್ವ ಬರೂದು ತಡಾ ಐತಿ.” ಕತ್ತರಿಸಿದ ಕಾಲಿಗೆ ಎಣ್ಣೆ ತಿಕ್ಕುವುದು ಅಲ್ಲಿಯವರೆಗೂ ಅವ್ವನ ಕೆಲಸವಾಗಿತ್ತು. ಅವನು ಪಟ್ಟಿ ಬಿಚ್ಚಿದ. ನಾನು ಅದನ್ನು ಹತ್ತಿರದಿಂದ ಎಂದೂ ನೋಡಿರಲಿಲ್ಲ.

“ಅಂಜಿಕಿ ಬರತೈತೇನ?”

“ಹೂಂ.”

“ನನಗೂ ಬಂದಿತ್ತು. ನೀ ಮೆಲ್ಲಕ ಹಚ್ಚು.”

ನಾನು ಅಂಗೈಗೆ ಎಣ್ಣೆ ಸುರಿದುಕೊಂಡು ಅವನ ಮುಂದೆ ಕುಳಿತೆ.